ಪೆನ್ಸಿಲ್ ಬಸ್ಸಿನಲ್ಲೇ ಇರಲಿ

ಹಳೆಯ ವಿದ್ಯಾರ್ಥಿಗಳ ಪುಟಕ್ಕೆ ನೆನಪು ಬರೆದುಕೊಡಿ ಎಂದು ಸಂಪಾದಕ ಬಳಗ ಕೇಳಿದೆ. ಹಾಸ್ಟೆಲ್ ಊಟ, ಪರೀಕ್ಷೆಯ ಹಿಂದಿನ ರಾತ್ರಿ, ಇವನ್ನೆಲ್ಲ ನನಗಿಂತ ಚೆನ್ನಾಗಿ ಬರೆಯುವವರಿದ್ದಾರೆ. ವಿಮಾನ ಮ್ಯೂಸಿಯಂ, ವಿಮಾನ ಕಾರ್ಖಾನೆ ನೋಡಲು ದಾವಣಗೆರೆಯಿಂದ ಬಸ್ಸು ಮಾಡಿಕೊಂಡು ಹೊರಡುವ ಕಿರಿಯರಿಗೆ ಉಪಯೋಗಕ್ಕೆ ಬರುವಂಥದ್ದನ್ನು ಮಾತ್ರ ನೆನಪಿನಿಂದ ಹೆಕ್ಕಿ ಕೊಡುತ್ತೇನೆ.

ಮೊದಲಿಗೆ ಪೆನ್ಸಿಲ್. ಮೊಬೈಲ್, ಸ್ಮಾರ್ಟ್ ವಾಚ್, ಪೆನ್ ಡ್ರೈವ್ ಇವನ್ನು ಕಾರ್ಖಾನೆಯ ಗೇಟಿನಲ್ಲಿ ಹೇಗೂ ಇಸಿದುಕೊಳ್ಳುತ್ತಾರೆ. ಜೇಬಿನ ಪೆನ್ಸಿಲ್ಲನ್ನು ನೀವೇ ನೆನಪಿಟ್ಟು ಬಸ್ಸಿನಲ್ಲಿ ಬಿಡಬೇಕು. ಪೆನ್ಸಿಲ್ಲಿನ ಕಡ್ಡಿ ಗ್ರಾಫೈಟ್. ಅಲ್ಯೂಮಿನಿಯಂ ತಗಡಿನ ಮೇಲೆ ಅದರಿಂದ ಗೆರೆ ಎಳೆದು, ಅಲ್ಲಿಗೆ ಒಂದಿಷ್ಟು ತೇವ ಸೇರಿತೆಂದರೆ ಪುಟ್ಟ ಬ್ಯಾಟರಿಯೇ ಸಿದ್ಧ. ಸವೆಯುವುದು ಅಲ್ಯೂಮಿನಿಯಂ. ಇಂಜಿನ್ನಿನ ಬಿಸಿ ಅನಿಲ ಹೊರಹೋಗುವ ಎಕ್ಸಾಸ್ಟ್ ಭಾಗಗಳ ಮೇಲೆ ಎಳೆದರೆ ಇನ್ನೂ ಕೆಟ್ಟದ್ದು: ಕಾದಾಗ ಇಂಗಾಲ ಲೋಹದೊಳಗೆ ಇಳಿದು, ಮುಂದೊಂದು ದಿನ ಗೆರೆ ಇದ್ದಲ್ಲೇ ಬಿರುಕು ಬಿಡುತ್ತದೆ. ಅದಕ್ಕೇ ಅಲ್ಲಿ ಗುರುತು ಹಾಕುವುದು ಒಪ್ಪಿಗೆ ಪಡೆದ ಮಾರ್ಕರ್‌ನಿಂದ. ನಮ್ಮ ವರ್ಕ್‌ಶಾಪಿನಲ್ಲಿ ಎಂಎಸ್ (ಮೆದು ಉಕ್ಕಿನ) ಪ್ಲೇಟಿಗೆ ಸ್ಕ್ರೈಬರ್‌ನಿಂದ ಗೀರಿ, ಸೆಂಟರ್ ಪಂಚ್ ಹೊಡೆದು ರೂಢಿಯಾದ ಕೈಗಳು ಮೊದಲು ಮರೆಯಬೇಕಾದ ಪಾಠ ಇದು. ವಿಮಾನದ ತಗಡಿಗೆ ಒಂದು ಗೀರು ಎಂದರೆ ಬಿರುಕಿಗೆ ಜಾಗ ತೋರಿಸಿದ ಹಾಗೆ.

ಮ್ಯೂಸಿಯಂ ಮೊದಲು ನೋಡಿ, ಕಾರ್ಖಾನೆ ಆಮೇಲೆ. ಕಾರ್ಖಾನೆಯಲ್ಲಿ ನೆಲದ ಗೆರೆಯೊಳಗೇ ಸಾಲಾಗಿ ನಡೆಸುತ್ತಾರೆ, ಭಾಗಗಳನ್ನು ಹಿಡಿದಿಟ್ಟು ಜೋಡಿಸುವ ಚೌಕಟ್ಟು, ಅಂದರೆ ಒಂದೊಂದು ಜಿಗ್ ಎದುರು ಹೆಚ್ಚು ಹೊತ್ತು ನಿಲ್ಲಲು ಬಿಡುವುದಿಲ್ಲ. ಏನು ನೋಡಬೇಕು ಎಂಬುದು ಮೊದಲೇ ಗೊತ್ತಿಲ್ಲದವರಿಗೆ ಅಲ್ಲಿ ಕಾಣುವುದು ಹಸಿರು ಬಣ್ಣದ ತಗಡು ಮಾತ್ರ. ಆ ಹಸಿರು ಪ್ರೈಮರ್, ತುಕ್ಕಿಗೆ ತಡೆ. ಮ್ಯೂಸಿಯಂನಲ್ಲಿ ಅವಸರವಿಲ್ಲ, ಒಂದೇ ರೆಕ್ಕೆಯ ಕೆಳಗೆ ಅರ್ಧ ಗಂಟೆ ನಿಂತರೂ ಕೇಳುವವರಿಲ್ಲ.

ಬೆಂಗಳೂರಿನ ಎಚ್‌ಎಎಲ್ ಹೆರಿಟೇಜ್ ಸೆಂಟರ್ ಮತ್ತು ಏರೋಸ್ಪೇಸ್ ಮ್ಯೂಸಿಯಂ 2001ರದು, ಮಾರತ್ತಹಳ್ಳಿ ದಿಕ್ಕಿನಲ್ಲಿದೆ. ನಾವು ಊರಿನ ಪಶ್ಚಿಮದ ತುದಿಯಿಂದ ಬೆಂಗಳೂರು ಹೊಗುತ್ತೇವೆ, ಅದು ಪೂರ್ವದಲ್ಲಿ. ತುಮಕೂರು ರಸ್ತೆಯಿಂದ ಅಲ್ಲಿಗೆ ಹಿಡಿಯುವ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೊರಟ ಬಸ್ಸುಗಳು ಊಟದ ಹೊತ್ತಿಗೆ ತಲುಪುತ್ತವೆ. ಕಾರ್ಖಾನೆಯ ಭೇಟಿ ಬೆಳಿಗ್ಗೆ ಇದ್ದರೆ ಹಿಂದಿನ ರಾತ್ರಿಯೇ ಬೆಂಗಳೂರಿನಲ್ಲಿ ಉಳಿಯಬೇಕು, ಬೇರೆ ದಾರಿಯಿಲ್ಲ.

ಮ್ಯೂಸಿಯಂ ಅಂಗಳದಲ್ಲಿ ಎಚ್‌ಎಎಲ್‌ನ ಹಳೆಯ ಯುದ್ಧವಿಮಾನ ಮಾರುತ್ ಮುಂದೆ ಸೆಲ್ಫಿ ತೆಗೆದು ಮುಂದಕ್ಕೆ ಹೋಗುವವರೇ ಹೆಚ್ಚು. ಅದರ ಪಕ್ಕಕ್ಕೆ ಬಂದು ನಿಂತು ಸೊಂಟ ನೋಡಿ. ರೆಕ್ಕೆ ಶುರುವಾಗುವಲ್ಲಿ ಒಡಲು ಕಿರಿದಾಗಿದೆ. ಶಬ್ದದ ವೇಗದ ಹತ್ತಿರ ಹೋದಾಗ ವಿಮಾನದ ಅಡ್ಡಕೊಯ್ತದ ವಿಸ್ತೀರ್ಣ ಒಮ್ಮೆಲೇ ಹಿಗ್ಗಿದರೆ ಗಾಳಿಯ ತಡೆ ವಿಪರೀತ ಏರುತ್ತದೆ, ಆದ್ದರಿಂದ ರೆಕ್ಕೆ ಕೂಡಿಸಿದಷ್ಟನ್ನು ಒಡಲಿನಲ್ಲಿ ಕಳೆದಿದ್ದಾರೆ. ಇದೇ ಏರಿಯಾ ರೂಲ್. ಆಮೇಲೆ ಗಾಳಿ ಒಳಹೋಗುವ ಬಾಯಿ: ಒಡಲಿಗೂ ಅದಕ್ಕೂ ನಡುವೆ ಸಂದು ಬಿಟ್ಟಿರುವುದು ಯಾಕೆ? ಒಡಲಿಗೆ ಅಂಟಿಕೊಂಡು ಬರುವ ಸೋಮಾರಿ ಗಾಳಿಯ ಪದರ ಇಂಜಿನ್ನಿಗೆ ಹೋಗದೆ ಆ ಸಂದಿಯಲ್ಲಿ ಹೊರಟುಹೋಗಲಿ ಎಂದು. ಪಕ್ಕದ ಮಿಗ್-21ರಲ್ಲಿ ಬಾಯಿ ಮೂತಿಯಲ್ಲೇ ಇದೆ, ಅದಕ್ಕೆ ಸಂದಿಯ ಗೊಡವೆಯೇ ಇಲ್ಲ.

ಜರ್ಮನ್ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ತಂಡದ ಈ ಮಾರುತ್ ಮೊದಲು ಹಾರಿದ್ದು 1961ರ ಜೂನ್ 17ರಂದು. ಅದಕ್ಕೂ ಮುಂಚೆ ಇದೇ ಅಳತೆಯ ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನಕ್ಕೆ ಕಟ್ಟಿ ಎಳೆದು ಹಾರಿಸಿ ನೋಡಿದ್ದರು. ಒಡಲು ವೇಗಕ್ಕೆ ತಕ್ಕ ಹಾಗೆಯೇ ಇತ್ತು, ಕೈಕೊಟ್ಟದ್ದು ಇಂಜಿನ್. ಎಣಿಸಿದ್ದ ಹೆಚ್ಚು ಶಕ್ತಿಯ ಆರ್ಫಿಯಸ್ ಜೆಟ್ ಇಂಜಿನ್ ಬರಲೇ ಇಲ್ಲ. ಸಿಕ್ಕಿದ ಆರ್ಫಿಯಸ್ 703 ಎರಡನ್ನು ಕೂರಿಸಿದರು, ಒಂದೊಂದರ ತಳ್ಳುಬಲ ಸುಮಾರು 2,200 ಕಿಲೋ. ಇಂಜಿನ್‌ಗಳ ಸಾಲಿನಲ್ಲಿ ಆರ್ಫಿಯಸ್ ಹುಡುಕಿ, 7 ಹಂತದ ಕಂಪ್ರೆಸರ್ ಎಣಿಸಿ. ಅದೇ ಕುಟುಂಬದ ಇಂಜಿನ್ ಅಜೀತ್ ಯುದ್ಧವಿಮಾನದಲ್ಲೂ ಇದೆ, ತರಬೇತಿ ವಿಮಾನ ಕಿರಣ್‌ನ ಎರಡನೇ ಮಾದರಿಯಲ್ಲೂ ಇದೆ. ಮಾರುತ್ ಹಾರಿಸಿದ ಸುರಂಜನ್ ದಾಸ್ 1970ರ ಜನವರಿ 10ರಂದು ಅದರದೇ ಇನ್ನೊಂದು ಮಾದರಿಯ ಪರೀಕ್ಷೆಯಲ್ಲಿ ತೀರಿಕೊಂಡರು. ಎಚ್‌ಎಎಲ್ ಬಳಿಯ ರಸ್ತೆಗೆ ಅವರ ಹೆಸರೇ ಇದೆ, ಬಸ್ಸಿನಿಂದ ಬೋರ್ಡ್ ಕಾಣುತ್ತದೆ.

ಈಗ ರಿವೆಟ್, ಅಂದರೆ ತಗಡುಗಳನ್ನು ಕೂಡಿಸಲು ತೂತಿಗೆ ತೂರಿಸಿ ಹಿಂದಿನ ತುದಿಯನ್ನು ಬಡಿದು ಚಪ್ಪಟೆ ಮಾಡುವ ಲೋಹದ ಮೊಳೆ. ವಿಮಾನವನ್ನು ಓದುವುದು ಎಂದರೆ ನನ್ನ ಲೆಕ್ಕದಲ್ಲಿ ರಿವೆಟ್ ಸಾಲು ಓದುವುದು. ಒಂದು ಸಾಲು ಹಿಡಿದು ಬೆನ್ನಟ್ಟಿ; ಅದರ ಹಿಂದೆ ಒಳಗೆ ಒಂದು ರಿಬ್ಬೋ (ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿ) ಸ್ಪಾರೋ (ರೆಕ್ಕೆಯ ಉದ್ದಕ್ಕೆ ಭಾರ ಹೊರುವ ತೊಲೆ) ಇರಲೇಬೇಕು. ಎರಡು ಸಾಲು ಜೊತೆಯಾಗಿ ಓಡಿದರೆ ಅಲ್ಲಿ ಭಾರ ಹೆಚ್ಚು, ಇಲ್ಲವೇ ಎರಡು ತಗಡು ಕೂಡಿದ ಜಾಗ. ಗಾಳಿಗೆ ಮೊದಲು ಎದುರಾಗುವ ಕಡೆ ತಲೆ ತಗಡಿನ ಮಟ್ಟಕ್ಕೆ ಕೂತಿರುತ್ತದೆ. ನಿಧಾನದ ವಿಮಾನಗಳಲ್ಲಿ ಗುಂಡು ತಲೆ ಹಾಗೇ ಬಿಟ್ಟಿರುತ್ತಾರೆ, ಅಗ್ಗ ಮತ್ತು ಗಟ್ಟಿ.

ಲೆಕ್ಕ ಸುಲಭ. 3.2 ಮಿ.ಮೀ. ದಪ್ಪದ ರಿವೆಟ್, 1 ಮಿ.ಮೀ.ನ ಎರಡು ತಗಡು. ರಿವೆಟ್ಟಿನ ಉದ್ದ ಎಂದರೆ ತಗಡುಗಳ ದಪ್ಪ 2, ಅದಕ್ಕೆ ವ್ಯಾಸದ ಒಂದೂವರೆ ಪಟ್ಟು 4.8, ಒಟ್ಟು 6.8 ಮಿ.ಮೀ. ಬಡಿದ ಮೇಲೆ ಹಿಂದಿನ ತಲೆ 4.8 ಅಗಲ, 1.6 ಎತ್ತರ ಬರಬೇಕು. ತೂತಿನ ನಡುವಿನಿಂದ ತಗಡಿನ ಅಂಚಿಗೆ ಕನಿಷ್ಠ ಎರಡು ವ್ಯಾಸ, ಅಂದರೆ 6.4 ಮಿ.ಮೀ. ಇದಕ್ಕಿಂತ ಹತ್ತಿರ ಕೊರೆದರೆ ಅಂಚು ಹರಿಯುತ್ತದೆ. ಉದ್ದ ಜಾಸ್ತಿಯಾದರೆ ರಿವೆಟ್ ಬಡಿಯುವಾಗ ಮಗ್ಗುಲಿಗೆ ಬಾಗುತ್ತದೆ. ರಿವೆಟ್ ಬಡಿಯುವ ಗನ್ ಓರೆ ಹಿಡಿದರೆ ತಲೆಯ ಪಕ್ಕ ತಗಡಿನಲ್ಲಿ ಚಂದ್ರನ ಕೊಂಬಿನಂಥ ಗುರುತು ಬೀಳುತ್ತದೆ. ಎಲ್ಲಕ್ಕಿಂತ ಮೋಸದ್ದು ತಗಡುಗಳ ನಡುವೆ ಉಳಿದ ಬರ್, ಅಂದರೆ ತೂತಿನ ಅಂಚಿನಲ್ಲಿ ಎದ್ದ ಲೋಹದ ಮುಳ್ಳು. ಕೊರೆದಾಗ ಎರಡು ತಗಡಿನ ಸಂದಿಯಲ್ಲಿ ಎದ್ದ ಬರ್ ಹೊರಗಿನಿಂದ ಕಾಣುವುದಿಲ್ಲ. ಅದನ್ನು ತೆಗೆಯದೆ ಬಡಿದರೆ ರಿವೆಟ್ ಆ ಸಂದಿಯಲ್ಲೇ ಊದಿಕೊಳ್ಳುತ್ತದೆ, ತಗಡುಗಳು ಒಂದಕ್ಕೊಂದು ಒತ್ತಿ ಕೂರುವುದಿಲ್ಲ. ಹಾಗಾಗಿ ಕ್ಲೆಕೋ (ತಗಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಪಿನ್ನು) ಸಿಕ್ಕಿಸಿ ಕೊರೆದದ್ದನ್ನೆಲ್ಲ ಮತ್ತೆ ಬಿಚ್ಚಿ, ಬರ್ ತೆಗೆದು, ಪ್ರೈಮರ್ ಹೊಡೆದು, ಮತ್ತೆ ಜೋಡಿಸಿಯೇ ಬಡಿಯುತ್ತಾರೆ. ನೋಡುವವರಿಗೆ ಮಾಡಿದ ಕೆಲಸವನ್ನೇ ಎರಡು ಸಲ ಮಾಡಿದಂತೆ ಕಾಣುತ್ತದೆ.

ಬಡಿಯುವುದು ಇಬ್ಬರ ಕೆಲಸ. ಹೊರಗೆ ಒಬ್ಬರ ಕೈಯಲ್ಲಿ ಗನ್, ಒಳಗೆ ಇನ್ನೊಬ್ಬರ ಕೈಯಲ್ಲಿ ರಿವೆಟ್ಟಿನ ತುದಿಗೆ ಒತ್ತಿ ಹಿಡಿಯುವ ಲೋಹದ ಗಟ್ಟಿ, ಬಕಿಂಗ್ ಬಾರ್. ಮುಖ ಕಾಣದು, ಸದ್ದಿನಲ್ಲಿ ಮಾತು ಕೇಳದು. ಹಳೆಯ ಪದ್ಧತಿಯಲ್ಲಿ ತಟ್ಟುವುದೇ ಭಾಷೆ: ಒಂದು ತಟ್ಟಿದರೆ ಇನ್ನೂ ಹೊಡಿ, ಎರಡು ತಟ್ಟಿದರೆ ಸರಿಯಾಗಿದೆ, ಮೂರಾದರೆ ಕೆಟ್ಟಿದೆ, ಕೊರೆದು ತೆಗಿ.

ಕೆಲವು ರಿವೆಟ್‌ಗಳಿಗೆ ಫ್ರೀಜರ್ ಬೇಕು. 2024 ಎಂಬ ಸಂಖ್ಯೆಯ ಅಲ್ಯೂಮಿನಿಯಂ ಮಿಶ್ರಲೋಹದವನ್ನು ಬಿಸಿ ಮಾಡಿ ತಣಿಸಿದ ಮೇಲೆ ಕೊಂಚ ಹೊತ್ತು ಮಾತ್ರ ಮೆತ್ತಗಿರುತ್ತವೆ. ಹೊರಗಿಟ್ಟರೆ ತಾವಾಗಿಯೇ ಗಟ್ಟಿಯಾಗುತ್ತವೆ, ಆ ಗಟ್ಟಿಯಾಗುವುದನ್ನು ಚಳಿ ತಡೆಹಿಡಿಯುತ್ತದೆ. ಫ್ರೀಜರಿನಿಂದ ತೆಗೆದ 10ರಿಂದ 20 ನಿಮಿಷದೊಳಗೆ ಬಡಿದು ಮುಗಿಸಬೇಕು. ತಡವಾದದ್ದನ್ನು ಬಡಿದರೆ ತಲೆ ಸೀಳುತ್ತದೆ. ತಲೆಯ ಮೇಲೆ ಉಬ್ಬಿದ ಎರಡು ಗೀಟು ಕಂಡರೆ ಅದು ಈ ಜಾತಿ. ಸಾಮಾನ್ಯ ರಿವೆಟ್ಟಿನ ತಲೆಯಲ್ಲಿ ಒಂದು ಸಣ್ಣ ಗುಳಿ.

ತೇಜಸ್ ಬಂದ ಮೇಲೆ ಈ ತಗಡಿನ ಪುರಾಣ ಅರ್ಧ ಬದಲಾಯಿತು. ಅದರ ಒಡಲಿನ ತೂಕದಲ್ಲಿ ಶೇ. 45ರಷ್ಟು ಕಾಂಪೋಸಿಟ್, ಅಂದರೆ ನಾರಿನ ಬಟ್ಟೆಗೆ ರಾಳ ತುಂಬಿ ಗಟ್ಟಿ ಮಾಡಿದ್ದು. ಕಾರ್ಬನ್ ಬಟ್ಟೆ ನೋಡಿದಾಗ ದಾವಣಗೆರೆಯವರಿಗೆ ಹಾಸು ಹೊಕ್ಕು ಬಿಡಿಸಿ ಹೇಳಬೇಕಿಲ್ಲ, ಹತ್ತಿ ಗಿರಣಿಗಳ ಊರು ನಮ್ಮದು. ರಾಳ ಮೊದಲೇ ತುಂಬಿದ ಬಟ್ಟೆಗೆ ಪ್ರೀಪ್ರೆಗ್ ಎನ್ನುತ್ತಾರೆ. ಇಡುವುದು ಮೈನಸ್ 18 ಡಿಗ್ರಿಯಲ್ಲಿ, ಹೊರಗಿದ್ದ ಗಂಟೆಗಳನ್ನೆಲ್ಲ ಬರೆದಿಡುತ್ತಾರೆ. ಇಲ್ಲಿ ಆಗುವ ತಪ್ಪು ತೀರಾ ಸಣ್ಣದು: ಸುರುಳಿ ಪೂರ್ತಿ ಕೋಣೆಯ ಬಿಸಿಗೆ ಬರುವ ಮುಂಚೆ ಚೀಲ ಬಿಚ್ಚುವುದು. ಫ್ರಿಜ್ಜಿನಿಂದ ತೆಗೆದ ಚೊಂಬು ಬೆವರುವಂತೆ ಬಟ್ಟೆಯೂ ಬೆವರುತ್ತದೆ. ಆ ನೀರು ಆಟೋಕ್ಲೇವಿನ (ಒತ್ತಡದಲ್ಲಿ ಬೇಯಿಸುವ ದೊಡ್ಡ ಒಲೆಯ) ಸುಮಾರು 180 ಡಿಗ್ರಿಯಲ್ಲಿ ಆವಿಯಾಗಿ ಪದರಗಳ ನಡುವೆ ಗುಳ್ಳೆ ಉಳಿಸುತ್ತದೆ. ಹೊರಗೆ ನುಣುಪು, ಒಳಗೆ ಪೊಳ್ಳು. ಅಲ್ಟ್ರಾಸಾನಿಕ್ ಪರೀಕ್ಷೆಯಲ್ಲಿ ಹಿಡಿಯಬೇಕು. ಈ ಕಾರ್ಬನ್ ಮತ್ತು ಪೆನ್ಸಿಲ್ಲಿನ ಕಡ್ಡಿ ಒಂದೇ ಗೋತ್ರ. ಅಲ್ಯೂಮಿನಿಯಂಗೆ ತಾಗಿದರೆ ಅದೇ ಸವೆತ. ಹಾಗಾಗಿ ನಡುವೆ ಗಾಜಿನ ನಾರಿನ ಪದರ ಹಾಕುತ್ತಾರೆ, ಬಿಗಿಯುವ ಕಡೆ ಟೈಟಾನಿಯಂ ಫಾಸ್ಟನರ್ ಬಳಸುತ್ತಾರೆ.

ಅನುಮತಿಯ ವಿಷಯ ಚುಟುಕಾಗಿ: ಕಾಲೇಜಿನ ಲೆಟರ್‌ಹೆಡ್ ಪತ್ರ, ಎಲ್ಲರ ಹೆಸರು ಮತ್ತು ಗುರುತಿನ ಚೀಟಿಯ ಪಟ್ಟಿ, ಜೊತೆಗೆ ಬರುವ ಮೇಷ್ಟ್ರ ವಿವರ. ಪಟ್ಟಿಯ ಹೆಸರು ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಇರಲಿ. ಮನೆಯಲ್ಲಿ ಕರೆಯುವ ಹೆಸರು ಬರೆದುಕೊಟ್ಟವರು ಗೇಟಿನ ಹೊರಗೆ ಟೀ ಕುಡಿಯುತ್ತ ಕೂರಬೇಕಾಗುತ್ತದೆ. ತಿಂಗಳುಗಟ್ಟಲೆ ಮೊದಲೇ ಕಳಿಸಿ. ಮುಚ್ಚಿದ ಶೂ ಹಾಕಿ, ಉಂಗುರ, ಸರ ಬೇಡ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಗಿದೆ. ನಮಗೆ ಬೆಂಗಳೂರಿಗಿಂತ ಹತ್ತಿರ, ಅಲ್ಲಿಗೂ ಒಂದು ಪತ್ರ ಹಾಕಿ ನೋಡಬಹುದು. ಗೋವಾ ಕಡೆ ಹೊರಟವರು ಬೊಗ್ಮಾಳೊದ ನೌಕಾ ವಿಮಾನ ಮ್ಯೂಸಿಯಂ ಬಿಡಬೇಡಿ. ಸೀ ಹ್ಯಾರಿಯರ್‌ನ ಇಂಜಿನ್ನಿನ ಗಾಳಿ ಹೊರಬಿಡುವ, ತಿರುಗುವ ನಾಲ್ಕು ನಾಜಲ್‌ಗಳನ್ನು ಅಷ್ಟು ಹತ್ತಿರದಿಂದ ನೋಡುವುದು ಬೇರೆಯೇ ಅನುಭವ. ಚಳ್ಳಕೆರೆಯ ಪರೀಕ್ಷಾ ಕೇಂದ್ರ ಮಾತ್ರ ಪಕ್ಕದಲ್ಲೇ ಇದ್ದರೂ ಎಲ್ಲರೂ ಹೊಕ್ಕು ನೋಡುವ ಜಾಗವಲ್ಲ. 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಿಂದ ಇಸ್ರೋದ ರೆಕ್ಕೆಯಿರುವ ಮರುಬಳಕೆ ಉಡಾವಣಾ ವಾಹನದ ಪರೀಕ್ಷಾ ಮಾದರಿಯನ್ನು ಬಿಟ್ಟದ್ದು, ಅದು ತಾನೇ ದಾರಿ ಹಿಡಿದು ರನ್‌ವೇಗೆ ಇಳಿದದ್ದು ಅಲ್ಲೇ.

ವರದಿ ಬರೆಯುವಾಗ ಕಂಪನಿಯ ಇತಿಹಾಸ ಮೂರು ಪುಟ ತುಂಬಿಸಬೇಡಿ, ಅದು ಮೇಷ್ಟ್ರಿಗೂ ಗೊತ್ತು. ನೋಡಿದ ಒಂದೇ ಒಂದು ಜಾಯಿಂಟ್ ಆರಿಸಿ, ಅಡ್ಡಕೊಯ್ತದ ಚಿತ್ರ ಬರೆಯಿರಿ: ತಗಡಿನ ದಪ್ಪ, ರಿವೆಟ್ಟಿನ ವ್ಯಾಸ, ಅಂಚಿನ ದೂರ, ಒಳಗೆ ಯಾವ ಭಾಗಕ್ಕೆ ಕಚ್ಚಿದೆ ಎಂಬುದು. ಇದಕ್ಕೆ ಪೆನ್ಸಿಲ್ ಬೇಕೇ ಬೇಕು. ಬಸ್ಸಿನ ಸೀಟಿನ ಕೆಳಗೆ ಬಿದ್ದಿರುತ್ತದೆ, ಹುಡುಕಿ.