ಪಾಲೋಲೆಂನಲ್ಲಿ ಒಂದು ದಿನ: ನಡಿಗೆ ಮತ್ತು ಮೀನೂಟ

ಗೋವಾ ಅಂದರೆ ಕಲಂಗುಟ್, ಬಾಗಾ ಅಂತ ಉತ್ತರಕ್ಕೆ ಓಡುವವರೇ ಜಾಸ್ತಿ. ಕಾರವಾರದ ಕಡೆಯಿಂದ ಹೋಗುವವರಿಗೆ ಗಡಿ ದಾಟಿದ ಕೂಡಲೇ ಕಾಣಕೋಣ ತಾಲ್ಲೂಕು ಸಿಗುತ್ತದೆ. ಒಂದೇ ದಿನ ಇದ್ದರೆ ಅಲ್ಲಿನ ಪಾಲೋಲೆಂ ಬೀಚ್ ಸಾಕು, ಮುಂದೆ ಹೋಗಲೇಬೇಡಿ. ಅಮ್ಮ, ಅಣ್ಣ, ಅತ್ತಿಗೆ ಜೊತೆ ನಾನು ಹೋಗಿದ್ದೆ. ಇಡೀ ದಿನ ನಡೆದೇ ಸುತ್ತಿದೆವು.

ಬೆಂಗಳೂರಿನವರು ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಕಾರವಾರದಲ್ಲಿ ಇರುತ್ತೀರಿ. ಅಲ್ಲಿಂದ ಮಡಗಾಂವ್ ಬಸ್ ಹಿಡಿದು ಕಾಣಕೋಣದ ಪೇಟೆ ಊರಾದ ಚಾವ್ಡಿಯಲ್ಲಿ ಇಳಿಯಬೇಕು. ಊರ ಹೊರಗೆ ಬೈಪಾಸ್ ಇದೆ, ಹಾಗಾಗಿ ಬಸ್ ಚಾವ್ಡಿ ಒಳಗೆ ಹೋಗುತ್ತದಾ ಅಂತ ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿ. ಚಾವ್ಡಿಯಿಂದ ಬೀಚಿಗೆ ಆಟೋ ಸಿಗುತ್ತದೆ.

ಆದರೆ ತಕ್ಷಣ ಆಟೋ ಹತ್ತಬೇಡಿ. ಬೆಳಗಿನ ತಿಂಡಿ ಚಾವ್ಡಿ ಪೇಟೆಯಲ್ಲೇ ಆಗಲಿ. ಗೋವಾದವರ ಪಾವ್ ಭಾಜಿ ಮುಂಬೈಯದರ ಹಾಗಲ್ಲ. ಬಟಾಣಿ ಹಾಕಿದ ತೆಳು ಪಾತಳ ಭಾಜಿ, ಆಲೂಗಡ್ಡೆಯ ಸುಕ್ಕಾ ಭಾಜಿ, ಹೀಗೆ ಬೇರೆ ಬೇರೆ ಇರುತ್ತವೆ. ಎರಡನ್ನೂ ಸೇರಿಸಿ ಕೊಡಿ ಅಂದರೆ ಮಿಕ್ಸ್ ಭಾಜಿ. ಪಕ್ಕದಲ್ಲಿ ಮಿರ್ಚಿ, ಬಾಳೆಹಣ್ಣಿನ ಬನ್ಸ್. ಅಮ್ಮ ಮೀನು ಮುಟ್ಟುವವರಲ್ಲ, ಅವರಿಗೆ ದಿನದ ಒಳ್ಳೆಯ ಊಟ ಆಗಿದ್ದು ಇದೇ. ಸಸ್ಯಾಹಾರಿಗಳು ಇಲ್ಲೇ ಹೊಟ್ಟೆ ತುಂಬಿಸಿಕೊಳ್ಳಿ. ಬೀಚಿನ ಶ್ಯಾಕ್‌ಗಳಲ್ಲಿ (ಗುಡಿಸಲು ಹೋಟೆಲುಗಳಲ್ಲಿ) ರೇಟೂ ಜಾಸ್ತಿ, ರುಚಿಯೂ ಅಷ್ಟಕ್ಕಷ್ಟೆ. ಕೊಂಕಣಿ ಬಾರದಿದ್ದರೂ ಚಿಂತೆ ಬೇಡ. ಕಾರವಾರದ ನಂಟು ಇಲ್ಲಿ ದಟ್ಟವಾಗಿದೆ, ಅಂಗಡಿಯವರು ನಮ್ಮ ಮಾತು ಕೇಳಿ ತಾವಾಗಿಯೇ ಕನ್ನಡಕ್ಕೆ ಬಂದರು.

ಹೊರಡುವ ಹಿಂದಿನ ದಿನ ನೋಡಿಕೊಳ್ಳಬೇಕಾದ್ದು ಸಮುದ್ರದ ಇಳಿತದ ಸಮಯ. ದಿನಕ್ಕೆ ಎರಡು ಸಲ ನೀರು ಇಳಿಯುತ್ತದೆ, ಮರುದಿನ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಇಳಿತ ಇನ್ನೂ ಜಾಸ್ತಿ. ಪಾಲೋಲೆಂನ ಉತ್ತರ ತುದಿಯಲ್ಲಿ ಒಂದು ಹೊಳೆ ಸಮುದ್ರ ಸೇರುತ್ತದೆ. ಅದರಾಚೆ ಕಾಣಕೋಣ ದ್ವೀಪ. ಇಳಿತದಲ್ಲಿ ಅಲ್ಲಿಗೆ ನಡೆದೇ ಹೋಗಬಹುದು. ಆದರೆ ನೀರು ಏರಲು ಶುರುವಾಗುವ ಮೊದಲೇ ವಾಪಸ್ ಹೊರಟುಬಿಡಿ. ಕಲ್ಲು ಜಾರುತ್ತದೆ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಳ್ಳಿ. ಅಮ್ಮನ ಮಂಡಿ ನೋವಿಗೆ ಇದು ಆಗುವ ಮಾತಲ್ಲ ಅಂತ ಅವರೂ ಅತ್ತಿಗೆಯೂ ತೆಂಗಿನ ನೆರಳಲ್ಲೇ ಕೂತರು.

ಊಟಕ್ಕೆ ಹನ್ನೆರಡೂವರೆಗೇ ಹೋಗಿ. ತಡ ಮಾಡಿದರೆ ಒಳ್ಳೆಯ ಮೀನು ಮುಗಿದಿರುತ್ತದೆ, ಮೂರರ ನಂತರ ಎಷ್ಟೋ ಊಟದ ಮನೆಗಳು ಬಾಗಿಲು ಹಾಕುತ್ತವೆ. ಸಮುದ್ರ ಕಾಣುವ ಕಡೆ ಕೂರುವ ಆಸೆ ಬಿಟ್ಟು ಊರ ರಸ್ತೆಯಲ್ಲಿ ಆಟೋದವರು, ಅಂಗಡಿಯವರು ಉಣ್ಣುವ ಜಾಗ ಹುಡುಕಿ. ಥಾಲಿಯಲ್ಲಿ ಅನ್ನ, ತೆಂಗಿನಕಾಯಿಯ ಮೀನು ಸಾರು, ರವೆಯಲ್ಲಿ ಹೊರಳಿಸಿ ಕರಿದ ಬಂಗುಡೆ, ಒಣ ಸಿಗಡಿಗೆ ತೆಂಗಿನತುರಿ ಕಲಸಿದ ಕಿಸ್ಮೂರ್, ಕೊನೆಗೆ ಕುಡಿಯಲು ಕೋಕಂನ ಸೋಲ್‌ಕಢಿ. ಬಂಗುಡೆ ಸಾರಿಗೆ ತಿರ್ಫಳ ಎಂಬ ಮಸಾಲೆ ಕಾಯಿ ಹಾಕಿದ್ದರೆ ನಾಲಿಗೆ ಸಣ್ಣಗೆ ಜುಮ್ ಅನ್ನುತ್ತದೆ, ಆ ಪರಿಮಳಕ್ಕೆ ಅಣ್ಣ ಎರಡನೇ ಸಲ ಸಾರು ಹಾಕಿಸಿಕೊಂಡ. ತಿಸರೆ (ಚಿಪ್ಪುಮೀನು) ಸುಕ್ಕಾ ಇದ್ದರೆ ಬಿಡಬೇಡಿ. ಅಂಜಲ್, ಕಾಣೆ ಬೇರೆಯಾಗಿ ಹೇಳುವುದಾದರೆ ಮೀನು ನೋಡಿ, ರೇಟು ಕೇಳಿ ಆಮೇಲೆ ಕರಿಯಲು ಹೇಳಿ.

ಬಿಸಿಲು ಇಳಿದ ಮೇಲೆ ದಕ್ಷಿಣಕ್ಕೆ ನಡೆಯಿರಿ. ಬೀಚ್ ಮುಗಿಯುವ ಕಡೆ ಬಂಡೆಗಳು, ಆಮೇಲೆ ಕೊಲಂಬ್ ಎಂಬ ಪುಟ್ಟ ಮೀನುಗಾರರ ಕೊಲ್ಲಿ, ಅದನ್ನು ದಾಟಿದರೆ ಪಾಟ್ನೆಂ ಬೀಚ್. ಅರ್ಧ ಗಂಟೆಯೂ ಬೇಡ, ಅಮ್ಮನೂ ನಿಧಾನಕ್ಕೆ ನಡೆದರು. ಪಾಲೋಲೆಂಗಿಂತ ಪಾಟ್ನೆಂ ನನಗೆ ಇಷ್ಟವಾಯಿತು, ಜನ ಕಡಿಮೆ, ಗದ್ದಲವಿಲ್ಲ. ನೀರಿಗಿಳಿಯುವಾಗ ಕೆಂಪು ಬಾವುಟ ಇರುವ ಕಡೆ ಬೇಡ. ಬೀಚಿನ ಮೇಲೆ ಬಾಟಲಿ ತೆರೆದು ಕುಡಿದರೆ ದಂಡ ಬೀಳುತ್ತದೆ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಡಿಸೆಂಬರ್ ಕೊನೆಯ ವಾರ ಮಾತ್ರ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಶ್ಯಾಕ್‌ಗಳನ್ನೂ ಬಿಚ್ಚಿಟ್ಟಿರುತ್ತಾರೆ. ಹಿಂದಿರುಗುವ ಕೊನೆಯ ಕಾರವಾರ ಬಸ್ ಎಷ್ಟು ಹೊತ್ತಿಗೆ ಅಂತ ಬೆಳಗ್ಗೆ ಚಾವ್ಡಿಯಲ್ಲಿ ಇಳಿದಾಗಲೇ ಕೇಳಿಟ್ಟುಕೊಳ್ಳಿ.