ಜಾಗೃತಿ ಸಮಿತಿಗೆ ಮೆಂಬರ್ ಆಗೋದು ಹೇಗೆ ಅಂತ ಕೇಳುವವರಿಗೆ

"ಅಣ್ಣ, ಜಾಗೃತಿ ಸಮಿತಿಗೆ ಮೆಂಬರ್ ಆಗ್ಬೇಕು, ಯಾರ ಲೆಟರ್ ತರ್ಬೇಕು?" ತುಮಕೂರಿನಲ್ಲಿ ಡಿಸಿ ಆಫೀಸಿನ ಕಾಂಪೌಂಡಿನಲ್ಲಿ ಸಿಕ್ಕರೂ ಇದೇ ಪ್ರಶ್ನೆ, ಮದುವೆ ಊಟದ ಪಂಕ್ತಿಯಲ್ಲಿ ಸಿಕ್ಕರೂ ಇದೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಓದದೆ ಮತ್ತೆ ಫೋನ್ ಮಾಡಿದರೆ ಎತ್ತುವುದಿಲ್ಲ.

ಮೊದಲು ಸಮಿತಿ ಯಾವುದು ಅಂತ ತಿಳಿದುಕೊಳ್ಳಿ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರದ್ದು, ಅದರ ನಿಯಮಗಳು 1995ರದ್ದು. ನಿಯಮ 17ರ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ದಂಡಾಧಿಕಾರಿ, ಅಂದರೆ ನಮ್ಮ ಡಿಸಿ, ಒಂದು ಜಾಗೃತಿ ಮತ್ತು ಉಸ್ತುವಾರಿ ಸಮಿತಿ ರಚಿಸಬೇಕು. ಅಧ್ಯಕ್ಷರೂ ಅವರೇ. ಸಮಾಜ ಕಲ್ಯಾಣ ಇಲಾಖೆಯ ಜಿಲ್ಲಾ ಅಧಿಕಾರಿ ಸದಸ್ಯ ಕಾರ್ಯದರ್ಶಿ. ಜಿಲ್ಲೆಯ ಸಂಸದರು, ಶಾಸಕರು, ವಿಧಾನ ಪರಿಷತ್ ಸದಸ್ಯರು ಹುದ್ದೆಯಿಂದಲೇ ಸದಸ್ಯರು. ನಮ್ಮ ಜಿಲ್ಲೆಯಲ್ಲಿ ಶಾಸಕರೇ 11 ಜನ, ಬಂದರೆ ಬಂದರು. ಎಸ್ಪಿ ಇರಬೇಕು. ಪರಿಶಿಷ್ಟ ಸಮುದಾಯಕ್ಕೆ ಸೇರಿದ 3 ಪತ್ರಾಂಕಿತ ಅಧಿಕಾರಿಗಳು ಇರಬೇಕು. ಇಷ್ಟು ಜನ ಕೂತ ಮೇಲೆ ಉಳಿಯುವ ಕುರ್ಚಿಯೇ ನೀವು ಕೇಳುತ್ತಿರುವುದು: ಪರಿಶಿಷ್ಟ ಜಾತಿ, ಪಂಗಡದಿಂದ ಹೆಚ್ಚೆಂದರೆ 5 ಜನ ಅಧಿಕಾರೇತರ ಸದಸ್ಯರು, ಬೇರೆ ಸಮುದಾಯಗಳಿಂದ ಹೆಚ್ಚೆಂದರೆ 3. ಈ ಮೂವರಿಗೆ ಸ್ವಯಂಸೇವಾ ಸಂಸ್ಥೆಯ ನಂಟಿರಬೇಕು. "ನಮ್ ಜಾತಿಯೋರಿಗೆ ಸೀಟಿಲ್ವಾ?" ಅಂತ ಕೇಳುವವರಿಗೆ ಉತ್ತರ ಇದರಲ್ಲೇ ಇದೆ.

ಲೆಟರಿನ ವಿಚಾರ. ನಿಯಮದಲ್ಲಿ ಯಾರ ಶಿಫಾರಸು ಪತ್ರದ ಸುದ್ದಿಯೂ ಇಲ್ಲ. ಸಮಿತಿ ರಚಿಸುವುದು ಡಿಸಿ ಅಂತಷ್ಟೇ ಇದೆ. ಹಾಗಾದರೆ ಕಾಗದ ಇಲ್ಲದೆ ಆಗುತ್ತದೆಯೇ ಅಂದರೆ, ನೀವೂ ಇದೇ ಜಿಲ್ಲೆಯವರು, ನನ್ನನ್ನು ಯಾಕೆ ಕೇಳುತ್ತೀರಿ? ಒಂದು ಮಾತ್ರ ಹೇಳಬಲ್ಲೆ. ಶಾಸಕರ ಕಾಗದವೊಂದೇ ಹಿಡಿದು ಹೋಗಬೇಡಿ. ಯಾವ ತಾಲ್ಲೂಕಿನಲ್ಲಿ ಯಾವ ಪ್ರಕರಣದಲ್ಲಿ ನೊಂದವರ ಜೊತೆ ನಿಂತಿದ್ದಿರಿ, ಎಫ್‌ಐಆರ್ ಸಂಖ್ಯೆ ಏನು ಅಂತ ಒಂದು ಪುಟ ಬರೆದು ಜೊತೆಗಿಡಿ. ಬರೆಯುವುದಕ್ಕೆ ಒಂದು ಪ್ರಕರಣವೂ ಇಲ್ಲವಾದರೆ ಮೆಂಬರ್ ಆಗಿ ಮಾಡುವುದಾದರೂ ಏನು? ಅವಧಿ ಎಷ್ಟು ವರ್ಷ ಅಂತ ನಿಯಮ 17ರಲ್ಲಿ ಹುಡುಕಬೇಡಿ, ನೇಮಕದ ಆದೇಶದಲ್ಲಿ ನೋಡಿ.

ಮೆಂಬರ್ ಆದ ಮೇಲೆ "ಪವರ್ ಏನಿದೆ" ಅಂತ ಬರುವ ಎರಡನೇ ಪ್ರಶ್ನೆಗೆ ಒಂದೇ ಮಾತು: ನೀವು ಅಂದುಕೊಂಡಿರುವುದು ಇಲ್ಲ. ಸ್ಟೇಷನ್ನಿಗೆ ಹೋಗಿ ಇನ್‌ಸ್ಪೆಕ್ಟರ್ ಎದುರು ಕುರ್ಚಿ ಎಳೆದುಕೊಳ್ಳುವ ಅಧಿಕಾರ ಇಲ್ಲ, ಯಾರನ್ನಾದರೂ ಬಂಧಿಸಿ ಅಂತ ಆದೇಶ ಮಾಡುವ ಹಕ್ಕಿಲ್ಲ, ರಾಜಿ ಮಾಡಿಸುವ ಹಕ್ಕಂತೂ ಇಲ್ಲವೇ ಇಲ್ಲ. ಕಾರಿನ ಮುಂದೆ "ಕರ್ನಾಟಕ ಸರ್ಕಾರ" ಅಂತ ದೊಡ್ಡದಾಗಿ, ಸಮಿತಿಯ ಹೆಸರು ಇರುವೆ ಸಾಲಿನಷ್ಟು ಸಣ್ಣದಾಗಿ ಬರೆಸಿದ ಬೋರ್ಡಿಗೂ ನಿಯಮ 17ಕ್ಕೂ ಸಂಬಂಧವಿಲ್ಲ. ಸಮಿತಿಯ ಕೆಲಸ ಪರಿಶೀಲನೆ. ಕಾಯ್ದೆ ಜಾರಿ ಹೇಗಿದೆ, ಪರಿಹಾರ ಸಿಕ್ಕಿತೇ, ಕೋರ್ಟಿನಲ್ಲಿ ಕೇಸು ಎಲ್ಲಿದೆ, ಯಾವ ಅಧಿಕಾರಿ ಏನು ಮಾಡಿದ ಅಂತ ಕೇಳುವುದು. ಕೇಳುವುದೇನು ಸಣ್ಣ ಕೆಲಸವಲ್ಲ, ಆದರೆ ಕೇಳುವುದಕ್ಕೆ ಓದಿಕೊಂಡು ಬರಬೇಕು.

ಸಭೆ 3 ತಿಂಗಳಿಗೆ ಒಂದಾದರೂ ನಡೆಯಲೇಬೇಕು. ಕೋರಂ ಇಷ್ಟು, ನೋಟಿಸ್ ಇಷ್ಟು ದಿನ ಮೊದಲು ಅಂತ ಆ ನಿಯಮ ಹೇಳುವುದಿಲ್ಲ, ಎಡವಟ್ಟು ಆಗುವುದು ಅಲ್ಲೇ. ಹಿಂದಿನ ದಿನ ಸಂಜೆ ಫೋನ್ ಬರುತ್ತದೆ, "ನಾಳೆ ಹನ್ನೊಂದಕ್ಕೆ ಮೀಟಿಂಗು, ಬನ್ನಿ ಸಾರ್." ಪಾವಗಡದ ಸದಸ್ಯ ಸುಮಾರು ನೂರು ಕಿಲೋಮೀಟರ್ ಬಸ್ಸಿನಲ್ಲಿ ಕುಲುಕಿಕೊಂಡು ಬಂದರೆ ಪ್ರಕರಣಗಳ ಪಟ್ಟಿ ಕೈಗೆ ಸಿಗುವುದು ಟೇಬಲ್ಲಿನ ಮೇಲೆ, ಚಹಾ ಬಿಸ್ಕತ್ತಿನ ಜೊತೆ. ಓದಿ ಮುಗಿಸುವಷ್ಟರಲ್ಲಿ ವಂದನಾರ್ಪಣೆ. ಆದ್ದರಿಂದ ಕಾರ್ಯಸೂಚಿ, ಪ್ರಕರಣಗಳ ಪಟ್ಟಿ ಮತ್ತು ಹಿಂದಿನ ಸಭೆಯ ಅನುಪಾಲನಾ ವರದಿ (ಅಲ್ಲಿ ತೀರ್ಮಾನಿಸಿದ್ದು ಏನಾಯಿತು ಅಂತ), ಈ ಮೂರನ್ನೂ ಸಭೆಗೆ 7 ದಿನ ಮೊದಲು ಕೊಡಬೇಕು ಅಂತ ಮೊದಲ ಸಭೆಯಲ್ಲೇ ನಡಾವಳಿಗೆ ಹಾಕಿಸಿ. ನಡಾವಳಿಯಲ್ಲಿ ಬಂದರೆ ಕಾರ್ಯದರ್ಶಿಯ ಮೇಲೆ ಭಾರ ಬೀಳುತ್ತದೆ. ಬಾಯಲ್ಲಿ ಹೇಳಿದ್ದು ಚಹಾದ ಜೊತೆ ತಣ್ಣಗಾಗುತ್ತದೆ.

ಇಷ್ಟು ಜನ ಕೇಳುತ್ತಾರಲ್ಲ, "ನಮ್ಮೂರಿನ ಕೇಸು ಆ ಮೀಟಿಂಗಿನಲ್ಲಿ ಮಾತಿಗೆ ಬರೋ ಹಾಗೆ ಮಾಡೋದು ಹೇಗೆ" ಅಂತ ಒಬ್ಬರಾದರೂ ಕೇಳಬಾರದೇ? ಅದಕ್ಕೆ ಮೆಂಬರ್ ಆಗುವ ಅಗತ್ಯವೇ ಇಲ್ಲ.

ಮೊದಲು ಸಭೆಯಲ್ಲಿ ಕೊಡುವ ಆ ಪ್ರಕರಣಗಳ ಪಟ್ಟಿಯನ್ನು ಓದುವುದು ಕಲಿಯಿರಿ. ಅಡ್ಡ ಹಾಕಿದ ದೊಡ್ಡ ಹಾಳೆ, ಸಣ್ಣ ಅಕ್ಷರ. ಮೊದಲು ಎಫ್‌ಐಆರ್ ದಿನಾಂಕದ ಕಾಲಂ, ಆಮೇಲೆ ದೋಷಾರೋಪಣ ಪಟ್ಟಿಯ (ಚಾರ್ಜ್‌ಶೀಟ್) ದಿನಾಂಕದ ಕಾಲಂ, ಎರಡರ ಮೇಲೂ ಬೆರಳಿಡಿ. ನಡುವೆ 60 ದಿನ ಮೀರಿದ್ದರೆ ನಿಯಮ 7ರ ಪ್ರಕಾರ ತನಿಖಾಧಿಕಾರಿ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ಆ ಕಾಗದ ಎಲ್ಲಿ ಅಂತ ಕೇಳಿ. "ತನಿಖೆ ಪ್ರಗತಿಯಲ್ಲಿದೆ" ಅನ್ನುವುದು ಕಾರಣವಲ್ಲ. ಆಮೇಲೆ ಪರಿಹಾರದ ಕಾಲಂ. ಸಾರ್ವಜನಿಕವಾಗಿ ಜಾತಿ ಹಿಡಿದು ಬೈದ ಪ್ರಕರಣಕ್ಕೆ 1 ಲಕ್ಷ ರೂಪಾಯಿ: ಎಫ್‌ಐಆರ್ ಹಂತದಲ್ಲಿ 25 ಸಾವಿರ, ದೋಷಾರೋಪಣ ಪಟ್ಟಿ ಕೋರ್ಟಿಗೆ ಹೋದಾಗ 50 ಸಾವಿರ, ಶಿಕ್ಷೆಯಾದ ಮೇಲೆ 25 ಸಾವಿರ. ಕೊಲೆಯಾದರೆ 8.25 ಲಕ್ಷ, ಅರ್ಧ ಮರಣೋತ್ತರ ಪರೀಕ್ಷೆಯ ನಂತರ, ಇನ್ನರ್ಧ ದೋಷಾರೋಪಣ ಪಟ್ಟಿಯ ಜೊತೆ. ತಕ್ಷಣದ ಪರಿಹಾರಕ್ಕೆ ಗಡುವು 7 ದಿನ. ಆ ಕಾಲಂನಲ್ಲಿ "ಜಾತಿ ಪ್ರಮಾಣಪತ್ರ ಬಾಕಿ" ಅಂತಲೋ "ಬ್ಯಾಂಕ್ ಖಾತೆ ವಿವರ ಬಾಕಿ" ಅಂತಲೋ ಇರುತ್ತದೆ. ಪ್ರಮಾಣಪತ್ರ ಕೊಡುವುದು ಸರ್ಕಾರವೇ, ಬಾಕಿ ಅನ್ನುವುದೂ ಸರ್ಕಾರವೇ!

ಇಂಥದ್ದಕ್ಕೆ ಜಿಲ್ಲಾ ಸಮಿತಿಗಿಂತ ಉಪವಿಭಾಗದ ಸಮಿತಿ ಹೆಚ್ಚು ಉಪಯೋಗ. ಹೌದು, ಅದೂ ಒಂದಿದೆ, ನಿಯಮ 17-ಎ. ಎಸಿ, ಅಂದರೆ ಉಪವಿಭಾಗಾಧಿಕಾರಿ, ಅದರ ಅಧ್ಯಕ್ಷರು. ನಮ್ಮಲ್ಲಿ ತುಮಕೂರು, ತಿಪಟೂರು, ಮಧುಗಿರಿ ಮೂರು ಉಪವಿಭಾಗ. ಅಲ್ಲಿ ತಹಶೀಲ್ದಾರ್ ಸದಸ್ಯರು, ಡಿವೈಎಸ್ಪಿ ಸದಸ್ಯರು. ಪ್ರಮಾಣಪತ್ರ ಕೊಡಬೇಕಾದವರೂ ತನಿಖೆ ಮಾಡಬೇಕಾದವರೂ ಎದುರಾಬದುರು ಕೂತಿರುತ್ತಾರೆ. ಅದೂ 3 ತಿಂಗಳಿಗೊಮ್ಮೆ ಸೇರಬೇಕು. ತುಮಕೂರಿನ ಸಭಾಂಗಣದ ಫೋಟೋಗೆ ಹಾತೊರೆಯುವವರಿಗೆ ಮಧುಗಿರಿಯ ಎಸಿ ಕಚೇರಿ ಯಾಕೋ ಕಣ್ಣಿಗೇ ಬೀಳುವುದಿಲ್ಲ.

ನಿಮ್ಮೂರಿನ ಕೇಸು ಸಭೆಯಲ್ಲಿ ಮಾತಿಗೆ ಬರಬೇಕಾದರೆ ಅರ್ಜಿ ಕೊಡಿ, ಅದು ಹೀಗಿರಲಿ. ಒಂದು ಅರ್ಜಿಗೆ ಒಂದೇ ಪ್ರಕರಣ. ಠಾಣೆ, ಎಫ್‌ಐಆರ್ ಸಂಖ್ಯೆ, ದಿನಾಂಕ, ಕಲಂಗಳು, ಈಗ ಯಾವ ಹಂತ, ಯಾವ ನಿಯಮ ಪಾಲನೆಯಾಗಿಲ್ಲ, ಇಷ್ಟೇ. "ನಮಗೆ ನ್ಯಾಯ ಕೊಡಿಸಿ" ಅಂತ ಮೂರು ಪುಟ ಬರೆದರೆ ಓದುವವರಿಗೆ ನುಣುಚಿಕೊಳ್ಳಲು ಸಲೀಸು. ಸದಸ್ಯ ಕಾರ್ಯದರ್ಶಿಯ ಹೆಸರಿಗೆ ಬರೆದು, "ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸುವುದು" ಅಂತ ವಿಷಯದ ಸಾಲಿನಲ್ಲೇ ಹಾಕಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಮೆಟ್ಟಿಲಿಳಿಯಬೇಡಿ.

ಕೋರ್ಟಿನ ಹಂತದ ಕಾಲಂ ಬಂದಾಗ ಮಾತ್ರ ಸಭೆಯಲ್ಲಿ ಎಲ್ಲರೂ ಕೈಚೆಲ್ಲುತ್ತಾರೆ, "ಅದು ನ್ಯಾಯಾಲಯದ ವಿಚಾರ." ತೀರ್ಪು ನ್ಯಾಯಾಲಯದ ವಿಚಾರ, ಒಪ್ಪೋಣ. ಸಾಕ್ಷಿಗಳಿಗೆ ಬಸ್ ಚಾರ್ಜು, ದಿನದ ಕೂಲಿ ಕೊಡುವುದು ನಿಯಮ 11ರಲ್ಲಿದೆ, ಅದು ಜಿಲ್ಲಾಡಳಿತದ ವಿಚಾರ. ಜಾಮೀನು ಅರ್ಜಿ ಬಂದಾಗ ನೊಂದವರಿಗೆ ತಿಳಿಸುವುದು ಕಾಯ್ದೆಯ 15-ಎ ಕಲಂನಲ್ಲಿದೆ. ಕಂಬಾಲಪಲ್ಲಿ ನೆನಪಿದೆಯೇ? 2000ದ ಮಾರ್ಚ್, ಆಗ ಕೋಲಾರ ಜಿಲ್ಲೆಯಲ್ಲಿದ್ದ, ಈಗ ಚಿಕ್ಕಬಳ್ಳಾಪುರಕ್ಕೆ ಸೇರಿದ ಚಿಂತಾಮಣಿ ತಾಲ್ಲೂಕು, 7 ಜನ ದಲಿತರ ಸಜೀವ ದಹನ. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳ ಗತಿ ಏನು ಅಂತ ಕೇಳದ ಸದಸ್ಯ ಆ ಕುರ್ಚಿಯಲ್ಲಿ ಕೂತರೂ ಒಂದೇ, ಬಿಟ್ಟರೂ ಒಂದೇ.

ಸಭೆಯಾದ ಮೇಲೆ ನಡಾವಳಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿ. ಕರ್ನಾಟಕದಲ್ಲಿ 150 ಪದ ಮೀರುವಂತಿಲ್ಲ, ಒಂದು ಅರ್ಜಿಗೆ ಒಂದೇ ವಿಷಯ. 30 ದಿನದಲ್ಲಿ ಉತ್ತರ ಬರಬೇಕು. "ಸದರಿ ಅವಧಿಯಲ್ಲಿ ಸಭೆ ನಡೆದಿರುವುದಿಲ್ಲ" ಅಂತ ಉತ್ತರ ಬಂದರೆ ಬೇಜಾರಾಗಬೇಡಿ, ನಿಯಮ ಮುರಿದಿದ್ದಕ್ಕೆ ಸಹಿ ಹಾಕಿದ ಸಾಕ್ಷಿಯೇ ಸಿಕ್ಕಿತು. ಮುಖ್ಯಮಂತ್ರಿ ಅಧ್ಯಕ್ಷರಾಗಿರುವ ರಾಜ್ಯ ಮಟ್ಟದ ಸಮಿತಿ ಜನವರಿ, ಜುಲೈನಲ್ಲಿ ಸೇರಬೇಕು ಅಂತ ನಿಯಮ 16 ಹೇಳುತ್ತದೆ. ಆ ಉತ್ತರದ ಜೆರಾಕ್ಸ್ ಲಗತ್ತಿಸಿ, ಡಿಸೆಂಬರ್ ಅಥವಾ ಜೂನ್ ಒಳಗೆ ತಲುಪುವ ಹಾಗೆ ಅಲ್ಲಿಗೆ ಸ್ಪೀಡ್ ಪೋಸ್ಟ್ ಮಾಡಿ.