ಅರ್ಧ ಗಂಟೆ ಪುಸ್ತಕಕ್ಕೆ ಅಷ್ಟು ದುಡ್ಡಾ ಅಂತ ಕೇಳೋರಿಗೆ

"ಅಷ್ಟು ದುಡ್ಡಾ? ಅರ್ಧ ಗಂಟೇಲಿ ಮುಗಿದೋಗತ್ತಲ್ಲ!" ಇದಕ್ಕೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ, ಇನ್ಮೇಲೆ ಯಾರು ಕೇಳಿದ್ರೂ ಇದನ್ನೇ ಕಳಿಸ್ತೀನಿ. ನಾನು ತಗೊಳೋದು ಫ್ರೆಂಚ್, ಬೆಲ್ಜಿಯನ್, ಇಟಾಲಿಯನ್ ಕಾಮಿಕ್ಸು, ಇಂಗ್ಲಿಷ್ ಅನುವಾದದಲ್ಲಿ. ಸಾವಿರ ಆಗತ್ತೆ, ಕೆಲವು ಎರಡು ಸಾವಿರಾನೂ ದಾಟತ್ತೆ. ಹೌದು. ನನ್ನ ದುಡ್ಡು.

ಬೆಲೆ ಕೇಳಿದ್ರೆ ನಂಗೇನೂ ಬೇಜಾರಿಲ್ಲ. ಆ "ಅರ್ಧ ಗಂಟೆ" ಇದ್ಯಲ್ಲ, ಅದಕ್ಕೆ ಸಿಟ್ಟು ಬರೋದು. ನಮ್ಮನೆ ಗೃಹಪ್ರವೇಶದ ದಿನ ನೆಂಟರೊಬ್ರು ಶೆಲ್ಫಿಂದ ಫ್ರೆಂಚ್ ಕಾಮಿಕ್ಸ್ ಕಲಾವಿದ ಜಾಕ್ ತಾರ್ದಿಯ 'ಇಟ್ ವಾಸ್ ದ ವಾರ್ ಆಫ್ ದ ಟ್ರೆಂಚಸ್' ತೆಗೆದು, ಇಸ್ಪೀಟ್ ಎಲೆ ಥರ ಹೆಬ್ಬೆರಳಲ್ಲಿ ಪುಟಗಳನ್ನ ಫರ್ ಅಂತ ಬಿಟ್ಟು, "ಇದ್ರಲ್ಲಿ ಓದೋಕೇನಿದೆ, ಬರೀ ಚಿತ್ರ, ಅದೂ ಕಲರ್ ಇಲ್ಲ" ಅಂದ್ರು. ಕಾಫಿ ಕುಡೀತಿದ್ದೋರೆಲ್ಲ ನಕ್ರು. ಶುಭಕಾರ್ಯದ ಮನೇಲಿ ಜಗಳ ಯಾಕೆ ಅಂತ ಅವತ್ತು ಸುಮ್ನಾದೆ.

ಅದು ಮೊದಲನೇ ಮಹಾಯುದ್ಧದ ಫ್ರೆಂಚ್ ಸೈನಿಕರ ಪುಸ್ತಕ ಸ್ವಾಮಿ. ತಾರ್ದಿಯ ಅಜ್ಜ ಆ ಕಂದಕಗಳಲ್ಲಿದ್ದೋರು, ಅವರ ಅನುಭವಾನ ಅಜ್ಜಿ ಬಾಯಲ್ಲಿ ಕೇಳ್ಕೊಂಡೇ ಈತ ಬೆಳೆದಿದ್ದು. ಪುಟಕ್ಕೆ ಹೆಚ್ಚುಕಮ್ಮಿ ಮೂರೇ ಚೌಕ, ಈ ಅಂಚಿಂದ ಆ ಅಂಚಿಗೆ ಅಡ್ಡಡ್ಡ, ಒಂದರ ಕೆಳಗೊಂದು. ಕಪ್ಪು, ಬಿಳಿ, ಬೂದು ಅಷ್ಟೇ. ಕೆಸರು, ಮುಳ್ಳುತಂತಿ, ಸೀಳಿಹೋದ ಮರ, ಇದರ ಮಧ್ಯೆ ಮನುಷ್ಯ ಎಲ್ಲಿದಾನೆ ಅಂತ ಕಣ್ಣಲ್ಲಿ ಹುಡುಕ್ಬೇಕು, ಕೆಲವು ಸಲ ಸಿಕ್ಕಿದ್ಮೇಲೇ ಗೊತ್ತಾಗೋದು ಅವನು ಸತ್ತಿದಾನೆ ಅಂತ. ಹೀರೋ ಅಂತ ಒಬ್ಬನೂ ಇಲ್ಲ. 2013ರಲ್ಲಿ ಫ್ರಾನ್ಸ್ ಸರ್ಕಾರ ಆ ದೇಶದ ಅತಿ ದೊಡ್ಡ ಗೌರವ ಲೀಜನ್ ಆಫ್ ಆನರ್ ಕೊಡ್ತೀವಿ ಅಂದಾಗ ಬೇಡ ಅಂದ ಮನುಷ್ಯ ಈ ತಾರ್ದಿ. ಅವರು ಬರೆದ ಪುಟಾನ ಹೆಬ್ಬೆರಳಲ್ಲಿ ಓದಿದ್ರೆ ಅರ್ಧ ಗಂಟೆ ಯಾಕೆ, ಅರ್ಧ ನಿಮಿಷ ಸಾಕು.

ಇನ್ನು ಪುಟ ಕಮ್ಮಿ ಅನ್ನೋ ವಾದ. ಫ್ರಾನ್ಸಲ್ಲಿ ಮಾಮೂಲಿ ಆಲ್ಬಮ್, ಅಂದ್ರೆ ಒಂದು ಕಾಮಿಕ್ಸ್ ಪುಸ್ತಕ, 48 ಪುಟ, ಗಟ್ಟಿ ರಟ್ಟು, ಪೂರ್ತಿ ಕಲರ್. ಪ್ರೆಸ್ಸಲ್ಲಿ ಒಂದು ದೊಡ್ಡ ಹಾಳೆ ಮಡಿಸಿದ್ರೆ 16 ಪುಟದ ಫಾರಂ, ಅಂಥ ಮೂರು ಸೇರಿದ್ರೆ 48. ಟಿನ್‌ಟಿನ್ ಕತೆಗಳು 62 ಪುಟಕ್ಕೆ ಬಂದು ನಿಂತಿದ್ದೂ 1942ರಲ್ಲಿ, ಯುದ್ಧದ ಟೈಮಲ್ಲಿ ಕಾಗದ ಸಿಗ್ದೇ ಇದ್ದಿದ್ರಿಂದ. ಅಷ್ಟರಲ್ಲೇ ಎಲ್ಲಾ ಹೇಳಿ ಮುಗಿಸ್ಬೇಕು ಅಂದಾಗ ಒಂದು ಚೌಕಾನೂ ದಂಡ ಮಾಡಂಗಿಲ್ಲ, ಅದಕ್ಕೇ ಬರೆಯೋನಿಗೆ ವರ್ಷಗಟ್ಟಲೆ ಹಿಡಿಯತ್ತೆ.

ಸೇಲ್ ಬರೋವರೆಗೂ ಕಾಯಿ ಅನ್ನೋರೂ ಇದಾರೆ. ಇದೇ ತಾರ್ದಿಯ ಆಡೆಲ್ ಬ್ಲಾಂ-ಸೆಕ್ ಸರಣಿ ಫ್ರೆಂಚಲ್ಲಿ 10 ಆಲ್ಬಮ್. ಇಂಗ್ಲಿಷಲ್ಲಿ ಕಿಮ್ ಥಾಂಪ್ಸನ್ ಅನುವಾದದಲ್ಲಿ 2010, 2011ರಲ್ಲಿ ಎರಡು ಸಂಪುಟ ಬಂತು, ಅಂದ್ರೆ ಮೊದಲ ನಾಲ್ಕು ಆಲ್ಬಮ್, ಅಲ್ಲಿಗೆ ನಿಂತೋಯ್ತು. 2013ರಲ್ಲಿ ಥಾಂಪ್ಸನ್ ತೀರ್ಕೊಂಡ್ರು. ಫ್ರೆಂಚ್ ಬರದ ನನ್ನಂಥೋರಿಗೆ ಆಡೆಲ್ ಕತೆ ಅರ್ಧಕ್ಕೇ ನಿಂತೋಯ್ತು. ಈ ಪುಸ್ತಕಗಳು ಕಂಡಾಗ ತಗೋಬೇಕು, ಇಲ್ಲಾಂದ್ರೆ ಇಲ್ಲ.

ನಿಜವಾಗ್ಲೂ ಕೇಳ್ಬೇಕು ಅನ್ಸಿದ್ರೆ "ಯಾವ ಪುಟದಲ್ಲಿ ನಿಂತ್ಕೊಂಡೆ?" ಅಂತ ಕೇಳಿ. ಅದಕ್ಕೆ ರಾತ್ರಿಯೆಲ್ಲಾ ಉತ್ತರ ಹೇಳ್ತೀನಿ.

ನಾನು ನಿಂತಿದ್ದು 'ದ ಫೋಟೋಗ್ರಾಫರ್' ಅನ್ನೋ ಕಾಮಿಕ್ಸಲ್ಲಿ. 1986ರಲ್ಲಿ ದಿದಿಯೆ ಲೆಫೆವ್ರ್ ಅನ್ನೋ ಫ್ರೆಂಚ್ ಫೋಟೋಗ್ರಾಫರ್, ಗಡಿ ಇಲ್ಲದ ವೈದ್ಯರ ಸಂಸ್ಥೆ ಎಂಎಸ್‌ಎಫ್‌ನ ಡಾಕ್ಟರುಗಳ ಜೊತೆ ಪಾಕಿಸ್ತಾನದಿಂದ ಬೆಟ್ಟ ದಾಟಿ ನಡ್ಕೊಂಡೇ ಅಫ್ಘಾನಿಸ್ತಾನಕ್ಕೆ ಹೋಗ್ತಾರೆ, ಸೋವಿಯತ್ ಯುದ್ಧ ನಡೀತಿದ್ದ ಕಾಲ. ಪುಸ್ತಕದಲ್ಲಿ ಅವರು ತೆಗೆದ ಫೋಟೋಗಳೇ ಇವೆ, ಇಡೀ ರೀಲನ್ನ ಒಂದೇ ಹಾಳೇಲಿ ಪ್ರಿಂಟ್ ಹಾಕ್ತಾರಲ್ಲ, ಆ ಕಾಂಟ್ಯಾಕ್ಟ್ ಶೀಟಿನ ಸಣ್ಣ ಸಣ್ಣ ಸಾಲು, ಫೋಟೋ ಇಲ್ದಿರೋ ಕಡೆ ಇಮ್ಯಾನ್ಯುಯಲ್ ಗಿಬೇರ್ ಚಿತ್ರ ಬರೆದು ತುಂಬಿದಾರೆ, ಫೋಟೋ ಮುಗಿದು ಚಿತ್ರ ಎಲ್ಲಿ ಶುರುವಾಯ್ತು ಅಂತ ಓದ್ತಾ ಓದ್ತಾ ಮರೆತೇಹೋಗತ್ತೆ. ವಾಪಸ್ ಬರುವಾಗ ದಾರಿ ತೋರಿಸ್ತಿದ್ದೋರು ಹಿಮದ ಕಣಿವೇಲಿ ಅವರನ್ನ ಒಬ್ಬರನ್ನೇ ಬಿಟ್ಟು ಹೋಗ್ತಾರೆ. ಆಗ ಲೆಫೆವ್ರ್ ಕ್ಯಾಮೆರಾ ತೆಗೀತಾರೆ, ನಾನು ಸತ್ತಿದ್ದು ಎಲ್ಲಿ ಅಂತಾದ್ರೂ ಜನಕ್ಕೆ ಗೊತ್ತಾಗ್ಲಿ ಅಂತ. ಮುಂದಿನದು ಆ ಫೋಟೋನೇ. ಅಷ್ಟು ಹೊತ್ತು ಚಿತ್ರದಲ್ಲಿ ನೋಡಿದ್ದ ಕತ್ತಲೆ ಈಗ ನಿಜವಾದ ಕತ್ತಲೆ. ಪುಟ ತಿರುಗಿಸೋಕೆ ಮನಸ್ಸು ಬರಲ್ಲ.

ಸುಮಾರು 4000 ಫೋಟೋ ತಂದಿದ್ರು, ಆಗ ಪತ್ರಿಕೇಲಿ ಬಂದಿದ್ದು 6. ಉಳಿದಿದ್ದಕ್ಕೆ ಜಾಗ ಕೊಟ್ಟಿದ್ದು ನೀವು "ಬರೀ ಚಿತ್ರ" ಅಂತೀರಲ್ಲ, ಆ ಕಾಮಿಕ್ಸು. ಇಂಗ್ಲಿಷಲ್ಲಿ ಬರೋ ಹೊತ್ತಿಗೆ 2009, ಲೆಫೆವ್ರ್ 2007ರಲ್ಲೇ ಹೋಗ್ಬಿಟ್ಟಿದ್ರು.

ಪುಸ್ತಕ ನನ್ನ ಹತ್ರ ಇದೆ. ಯಾರು ಬೇಕಾದ್ರೂ ಬನ್ನಿ, ಕಾಫಿ ಕೊಡ್ತೀನಿ, ಇಡೀ ದಿನ ಕೂತು ಓದಿ. ಮನೆಗೆ ಮಾತ್ರ ಕೊಟ್ಟು ಕಳಿಸಲ್ಲ.